ಮೂವತ್ತನೆಯ ಅಂಗಿ

ಬಟ್ಟೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಹೊಲಿಗೆ ಯಂತ್ರ ತುಳಿದವಳ ಕಾಲಿಗೆ ಸುಮ್ಮನಿರುವುದು ಮರೆತೇ ಹೋಗಿತ್ತು. ಬೆಳಗಿನ ಏಳಕ್ಕೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮಗಳ ಜಡೆ ಹೆಣೆಯುವಾಗಲೂ ಬಲಗಾಲು ನೆಲವನ್ನು ತುಳಿಯುತ್ತಿತ್ತು.

ಹತ್ತಕ್ಕೆ ಪರೀಕ್ಷೆ. ಪಾಸಾದರೆ ಕಟಿಂಗ್ ವಿಭಾಗದ ಮೇಲ್ವಿಚಾರಕಿ. ಇಲ್ಲದಿದ್ದರೆ ಮತ್ತೆ ಕಾಲರು, ಬರೀ ಕಾಲರು, ದಿನಕ್ಕೆ ಮುನ್ನೂರು ಕಾಲರು. ಒಂದು ಅಂಗಿ ಇಡಿಯಾಗಿ ಹೇಗೆ ಹುಟ್ಟುತ್ತದೆಂದು ನೋಡದೆಯೇ ಮುದುಕಿಯಾಗಿಬಿಡುತ್ತೇನೇನೋ ಎಂಬ ಕಳವಳ ಅವಳಿಗೆ.

ಹೋದ ವರ್ಷವೂ ಬರೆದಿದ್ದಳು. ಆರಕ್ಕೆ ಆರೂ ಉತ್ತರ ಸರಿ. ಹಾಳೆಯಲ್ಲಿ ಉತ್ತರ ಬಿಟ್ಟು ಇನ್ನೇನೂ ಇರಲಿಲ್ಲ. "ಇವೆಲ್ಲ ಎಲ್ಲಿಂದ ಉದುರಿದ್ವಮ್ಮಾ? ಪಕ್ಕದವಳ ಹಾಳೆಯಿಂದಲಾ?" ಎಂದಿದ್ದರು ಮ್ಯಾನೇಜರು. ಮನಸ್ಸಿನಲ್ಲೇ ಮಾಡಿದೆ ಎಂದರೆ ಯಾರು ನಂಬುತ್ತಾರೆ? ಅದಕ್ಕೇ ಒಂದು ತಿಂಗಳಿಂದ ಹತ್ತನೇ ತರಗತಿಯ ಮಗಳೇ ಅವಳಿಗೆ ಟೀಚರು.

"ಕೇಳು," ಎಂದಳು ಮಗಳು ಪುಸ್ತಕ ಹಿಡಿದು. "ಒಂದು ಥಾನಿನಲ್ಲಿ ನಲವತ್ತು ಮೀಟರ್ ಬಟ್ಟೆಯಿದೆ. ಒಂದು ಅಂಗಿಗೆ ಎರಡೂವರೆ ಮೀಟರ್. ಎಷ್ಟು ಅಂಗಿ?"

"ಹದಿನೈದು."

"ಅಮ್ಮಾ, ಹದಿನಾರು. ನಲವತ್ತನ್ನ ಎರಡೂವರೆಯಿಂದ ಭಾಗಿಸು."

"ಥಾನಿನ ಎರಡೂ ತುದೀಲಿ ಮಿಲ್ಲಿನ ಮುದ್ರೆ ಇರುತ್ತೆ ಕಣೇ. ಅರ್ಧರ್ಧ ಮೀಟರ್ ತೆಗೀಬೇಕು. ಇಲ್ದಿದ್ರೆ ಹಾಕ್ಕೊಂಡೋನು ಬೆನ್ನ ಮೇಲೆ ಮುದ್ರೆ ಹೊತ್ಕೊಂಡು ಓಡಾಡ್ಬೇಕು, ಅಂಚೆ ಲಕೋಟೆ ಥರ."

"ಪ್ರಶ್ನೇಲಿ ಮುದ್ರೆ ಇದೆಯಾ? ಮೊದಲು ಕೊಟ್ಟಿರೋದನ್ನ ಬರಿ. ಆಮೇಲೆ ಕೇಳಿರೋದನ್ನ. ಆಮೇಲೆ ಭಾಗಾಕಾರ. ನಿನ್ನ ಪಾಂಡಿತ್ಯ ಮನೇಲೇ ಬಿಟ್ಟು ಹೋಗು."

"ಹನ್ನೊಂದು ವರ್ಷದ್ದನ್ನ ಒಂದು ಬೆಳಗ್ಗೆ ಬಿಡು ಅಂದ್ರೆ ಬಿಡ್ತಾಳಾ?" ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಗಂಡ ನಕ್ಕ.

ಪರೀಕ್ಷೆ ಕಾರ್ಖಾನೆಯ ಊಟದ ಕೋಣೆಯಲ್ಲಿ. ಒಂಬತ್ತು ಹೆಂಗಸರು, ಆರು ಲೆಕ್ಕ. ಐದನ್ನು ಮಗಳು ಹೇಳಿದಂತೆಯೇ ಮೆಟ್ಟಿಲಿಳಿದ ಹಾಗೆ ಬರೆದಳು. ಆರನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಅರವತ್ತು ಮೀಟರಿನ ಥಾನು, ಅಂಗಿಗೆ ಎರಡು ಮೀಟರ್.

ಮೂವತ್ತು ಎಂದು ಬರೆದಳು. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆ ಮೂವತ್ತನೆಯ ಅಂಗಿ ಕಣ್ಣೆದುರಿನಿಂದ ಕದಲಲಿಲ್ಲ. ಅದನ್ನು ಬರೆದು ಕಟಿಂಗ್ ಮೇಜಿಗೆ ಹೋದರೆ ನಾಳೆ ಅದಕ್ಕೆ ಬಟ್ಟೆ ಎಲ್ಲಿಂದ ತರುವುದು? ಬರೆಯದಿದ್ದರೆ ಮೇಜೇ ಇಲ್ಲ. ಕಾಲು ಮೇಜಿನಡಿ ಓಡುತ್ತಿತ್ತು. ಪಕ್ಕದವಳು, "ಮೇಜು ಅಲ್ಲಾಡ್ತಿದೆ ಕಣೇ," ಎಂದು ಪಿಸುಗುಟ್ಟಿದಳು.

ಮೂವತ್ತನ್ನು ಹೊಡೆದು ಹಾಕಿದಳು. ಕೆಳಗೆ ನಿಧಾನವಾಗಿ ಬರೆದಳು: ಎರಡು ತುದಿಯ ಮುದ್ರೆಗೆ ಒಂದು ಮೀಟರ್ ಹೋಯಿತು. ಉಳಿದದ್ದು ಐವತ್ತೊಂಬತ್ತು. ಅದನ್ನು ಎರಡರಿಂದ ಭಾಗಿಸಿದರೆ ಇಪ್ಪತ್ತೊಂಬತ್ತೂವರೆ. ಅರ್ಧ ಅಂಗಿ ಯಾರೂ ತೊಡುವುದಿಲ್ಲ. ಉತ್ತರ ಇಪ್ಪತ್ತೊಂಬತ್ತು.

ಮ್ಯಾನೇಜರು ಅಲ್ಲೇ ಕೂತು ತಿದ್ದಿದರು. ಅವಳ ಹಾಳೆಗೆ ಬಂದಾಗ ಹುಬ್ಬು ಗಂಟಾಯಿತು.

"ಮೂವತ್ತು ಬರ್ಬೇಕಲ್ವೇನಮ್ಮಾ?"

"ಎಲ್ಲಿಂದ ಬಂತು ಅಂತ ಈ ಸಲ ಬರ್ದಿದೀನಿ ಸಾರ್. ಓದಿ."

ಓದಿದರು. ಹಾಳೆ ಹಿಡಿದು ಎದ್ದು, ಗಾಜಿನ ಬಾಗಿಲಾಚೆಯ ಕಟಿಂಗ್ ಕೋಣೆಗೆ ಹೋದರು. ಅಲ್ಲಿ ಬಟ್ಟೆ ಕತ್ತರಿಸುವ ಮುದುಕ ಮಾಸ್ತರು ಹೊಸ ಥಾನೊಂದರ ತುದಿ ಎಳೆದು ನೀಲಿ ಮುದ್ರೆ ತೋರಿಸುವುದು ಇಲ್ಲಿಂದಲೇ ಕಂಡಿತು.

ವಾಪಸು ಬಂದ ಮ್ಯಾನೇಜರು ತಮ್ಮ ಉತ್ತರದ ಹಾಳೆಯಲ್ಲೇ ಏನನ್ನೋ ತಿದ್ದಿದರು. "ಹಾಗಾದ್ರೆ ಮಿಕ್ಕ ಎಂಟು ಜನರದ್ದೂ ತಪ್ಪಾಯ್ತಲ್ಲಮ್ಮಾ."

"ತಪ್ಪಲ್ಲ ಸಾರ್. ಅವ್ರು ಪ್ರಶ್ನೇಲಿ ಇದ್ದಷ್ಟನ್ನ ಮಾಡಿದಾರೆ."

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿ, "ಸೋಮವಾರದಿಂದ ಆ ಮೇಜಿಗೆ ಬನ್ನಿ," ಎಂದರು.

ಬನ್ನಿ ಎಂದು ಆ ಕಾರ್ಖಾನೆಯಲ್ಲಿ ಯಾರೂ ಅವಳನ್ನು ಕರೆದಿರಲಿಲ್ಲ. ಅವಳು ತಲೆಯಾಡಿಸಿದಳು. ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಕಾಲು ಆಗಲೇ ಮತ್ತೆ ತುಳಿಯತೊಡಗಿತ್ತು.