ಮುಟ್ಟಿದರೆ ಕೂಗುವ ಕಾರು

ಕೊಬ್ಬರಿ ಎಣ್ಣೆಯ ವಾಸನೆ, ಹೌದು, ಕೌಟು ಹಿಡಿದ ಎಣ್ಣೆ, ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದವನ ಮೂಗಿಗೇ ತಾಗುವಂತೆ ಜೋತುಬಿದ್ದ ಈ ವೈರಿನ ಗಂಟುಗಳಿಗೆಲ್ಲ ಯಾರೋ ಎಣ್ಣೆ ಸವರಿದ್ದಾರೆ, ಯಾರೋ ಏನು, ಆಗ ಈ ಕಾರಿನ ಡ್ರೈವರ್ ಆಗಿದ್ದ ಗಂಗಯ್ಯನೇ, ಅವನು ಹೇಳುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ, ತುಕ್ಕು ಹಿಡಿಯಲ್ಲ ಕಣ್ಲಾ ರಂಗ, ನಮ್ ಕೊಬ್ರಿ ಎಣ್ಣೆ ಹಚ್ಚಿದ್ರೆ ಕಬ್ಬಿಣಕ್ಕೂ ಕೂದ್ಲು ಬತ್ತದೆ — ಕೂದಲು ಬರಲಿಲ್ಲ ಗಂಗಯ್ಯ, ಇಲಿ ಬಂದವು, ಎಣ್ಣೆ ಸವರಿದ ವೈರು ಇಲಿಗೆ ಕೊಬ್ಬರಿ ಹೋಳೇ, ಅಟ್ಟದ ಮೇಲಿನ ಕಾಯಿ ರಾಶಿ ಬಿಟ್ಟು ಬಂದು ಇಲ್ಲಿ ಸಂಸಾರ ಹೂಡಿವೆ, ಕೆಂಪು ಹಸಿರು ಹಳದಿ ಒಂದನ್ನೂ ಬಿಡದೆ ತಾಮ್ರ ಕಾಣುವಂತೆ ಮೆದ್ದಿವೆ, ಇಂಡಿಕೇಟರ್ ಹಾಕಿದರೆ ಹಾರನ್ ಹೊಡೆದುಕೊಳ್ಳುತ್ತದೆ, ಬ್ರೇಕ್ ತುಳಿದರೆ ವೈಪರ್ ಕೈ ಬೀಸುತ್ತದೆ, ಪಕ್ಕದ ಪಂಕ್ಚರ್ ಅಂಗಡಿಯ ಈರಣ್ಣ ಬೆಳಗ್ಗೆ ನೋಡಿ ನಕ್ಕದ್ದೇ ನಕ್ಕದ್ದು, ಲೇ ರಂಗ, ಇದು ಕಾರಲ್ಲ ಕಣ್ಲಾ, ಮೈಮೇಲೆ ದೇವ್ರು ಬಂದಿರೋ ಆಸಾಮಿ, ನಿಂಗೆ ಬೇರೆ ಕಾರೇ ಸಿಗ್ಲಿಲ್ವಾ — ಸಿಗುತ್ತಿತ್ತು ಈರಣ್ಣ, ಈ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಆರು ವರ್ಷದಿಂದ ಗಾಡಿಗಳ ವೈರಿನ ಕೆಲಸ ಮಾಡುವವನಿಗೆ ಕಾರಿಗೇನು ಬರ, ನನಗೆ ಬೇಕಾಗಿದ್ದದ್ದು ಇದೇ, ಕೊಬ್ಬರಿ ಮಂಡಿ ಬಸವರಾಜಪ್ಪನ ಬಿಳಿ ಮಾರುತಿ, ಅವನಿಗೆ ಹೊಸ ದೊಡ್ಡ ಕಾರು ಬಂದ ಮೇಲೆ ಎರಡು ವರ್ಷ ತೆಂಗಿನ ಮರದ ಕೆಳಗೆ ಗರಿ ಹೊದ್ದು ಬಿದ್ದಿತ್ತು, ಹೋದ ವಾರ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದೆ, ಅವ್ವನಿಗೆ ಹೇಳಿಲ್ಲ, ಒಂದು ಬಿಳಿ ಕಾರು ತಗೊಂಡಿದೀನಿ ಕಣವ್ವ ಅಂದೆ ಅಷ್ಟೇ, ಎರಡೂ ಕಣ್ಣಿಗೆ ಪೊರೆ ಬಂದವಳಿಗೆ ಬಿಳಿ ಎಂದರೆ ಬರೀ ಬೆಳಕು, ಯಾರ ಕಾರು ಎಂದು ಕಾಣುವುದಿಲ್ಲ, ಆ ಕಣ್ಣಿಗಾಗಿಯೇ ಇಷ್ಟೆಲ್ಲ, ಇವತ್ತು ನಾಲ್ಕು ಗಂಟೆಯೊಳಗೆ ಅವಳನ್ನು ತುರುವೇಕೆರೆಯ ಕಣ್ಣಿನ ಶಿಬಿರಕ್ಕೆ ಸೇರಿಸಬೇಕು, ಶಿಬಿರಕ್ಕೆ ಇದು ಕಡೇ ದಿನ, ಪರೀಕ್ಷೆ ಮಾಡಿದ ಡಾಕ್ಟರ್ ನಿರ್ಮಲಾ ಹೇಳಿದ್ದರು, ಆಪರೇಷನ್ ಆದ್ಮೇಲೆ ಬಸ್ಸಿನ ಧೂಳು, ತಳ್ಳಾಟ ಬೇಡ, ಕಾರಲ್ಲೇ ಕರ್ಕೊಂಡು ಹೋಗ್ಬೇಕು, ಅದಕ್ಕೆ ಅವ್ವ, ಕಾರಾದ್ರೆ ನಂಗೆ ಕಣ್ಣೇ ಬ್ಯಾಡ ಕಣವ್ವ ಅಂದು ಎದ್ದು ಬಂದುಬಿಟ್ಟಳು, ಎರಡು ಸಲ ಹಾಗೆ, ಅವಳದು ಒಂದೇ ಮಾತು, ಬಸ್ಸು ಸರ್ಕಾರದ್ದು, ಕೂಗಲ್ಲ, ಕಾರು ಕೂಗ್ತದೆ — ಮೂರನೇ ಸಲ ನಾನೇ ಕಾರು ತಂದೆ ಅಂದಾಗ, ನಿಂದಾದ್ರೆ ನೋಡಾನ ಬುಡು ಅಂದಳು.

ಸುಖವಿದೆ ಈ ಕೆಲಸದಲ್ಲಿ, ಬೆನ್ನ ಕೆಳಗೆ ಬಿಸಿಲಿಗೆ ಕಾದ ನೆಲ, ಎದೆಯ ಮೇಲೆ ಕಟಿಂಗ್ ಪ್ಲೇಯರ್, ಬಾಯಲ್ಲಿ ಟೇಪಿನ ತುಂಡು, ವೈರು ಸುಳ್ಳು ಹೇಳುವುದಿಲ್ಲ, ಟೆಸ್ಟ್ ಲ್ಯಾಂಪಿನ ಮೊನೆ ಚುಚ್ಚಿದರೆ ಕರೆಂಟು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಚುಚ್ಚಿದವನು ಯಾವ ಬೀದಿಯವನು ಎಂದು ಕೇಳುವುದಿಲ್ಲ, ಮೊದಲು ಇಲಿ ಮೆದ್ದದ್ದನ್ನು ಕತ್ತರಿಸಿ ಹೊಸ ವೈರು ಹೊಸೆದೆ, ಆಮೇಲೆ ಅರ್ತಿಂಗ್, ಎಲ್ಲ ಕರೆಂಟೂ ಕಡೆಗೆ ಬಂದು ಇಳಿಯುವ ಆ ಒಂದು ಬೋಲ್ಟು ತುಕ್ಕು ತಿಂದು ಕೂತಿತ್ತು, ಇಳಿಯಲು ದಾರಿಯಿಲ್ಲದ ಕರೆಂಟು ಕಂಡವರ ಮನೆಗೆ ನುಗ್ಗದೆ ಇನ್ನೇನು ಮಾಡುತ್ತದೆ, ಉಪ್ಪುಕಾಗದದಲ್ಲಿ ತಿಕ್ಕಿ ಬೆಳ್ಳಗೆ ಮಾಡಿ ಬಿಗಿದೆ, ವೈಪರ್ ಕೈ ಬೀಸುವುದು ನಿಂತಿತು, ಹಾರನ್ ತನ್ನ ಪಾಡಿಗೆ ಹಾರನ್ ಆಯಿತು, ಈಗ ಉಳಿದದ್ದು ಇದು, ಡ್ಯಾಶ್‌ಬೋರ್ಡಿನ ಹಿಂದೆ ಅವಿತು ಕೂತ ಕಪ್ಪು ಡಬ್ಬಿ, ಯಾರು ಮುಟ್ಟಿದರೂ ಕಾರನ್ನು ಕೂಗಿಸುವ ಅಲಾರಂ, ಬಸವರಾಜಪ್ಪ ಬೆಂಗಳೂರಿನಲ್ಲಿ ಹಾಕಿಸಿಕೊಂಡು ಬಂದದ್ದು, ಹಾಕಿದ ಪುಣ್ಯಾತ್ಮ ಸ್ಟಾರ್ಟರಿಗೆ ಹೋಗುವ ದಪ್ಪ ವೈರನ್ನೇ ಎರಡು ತುಂಡು ಮಾಡಿ ನಡುವೆ ಇದನ್ನು ಕೂರಿಸಿದ್ದಾನೆ, ಇದು ಹೂಂ ಅಂದರೆ ಗಾಡಿ, ಇಲ್ಲದಿದ್ದರೆ ಇಲ್ಲ, ನಾನು ಅದರ ಎರಡು ತುದಿ ಹುಡುಕಿ, ಸುಲಿದು, ಒಂದಕ್ಕೊಂದು ಹೆಣೆದು ಬೆಸುಗೆ ಹಾಕುತ್ತೇನೆ, ಸೀಸ ಕರಗಿ ಬೆಳ್ಳಗೆ ಹರಿಯುತ್ತದೆ — ಬೆಳ್ಳಗೆ, ತೊಂಬತ್ತಾರರ ಬೇಸಿಗೆ, ಕಾರು ಹೊಸದು, ಬಸವರಾಜಪ್ಪನ ಕಣದಲ್ಲಿ ನಾನು ಮೂಟೆ ಹೊರುತ್ತಿದ್ದೇನೆ, ಅವ್ವ ಹೆಂಗಸರ ಸಾಲಿನಲ್ಲಿ ಕೂತು ಕಾಯಿ ಚಿಪ್ಪು ಒಡೆಯುತ್ತಿದ್ದಾಳೆ, ಚಿಪ್ಪು ಎರಡಾಗಬೇಕು, ಒಳಗಿನ ಉಂಡೆ ಕೊಬ್ಬರಿಗೆ ಗಾಯವಾಗಬಾರದು, ದಿನಕ್ಕೆ ಸಾವಿರ ಕಾಯಿ ಒಡೆದರೂ ನಮ್ಮವ್ವ ಚಿಕ್ಕಗೌರಮ್ಮನ ಕೈಯಲ್ಲಿ ಒಂದಕ್ಕೂ ಗಾಯವಿಲ್ಲ, ಕಾರಿನ ಪಕ್ಕ ತೆಂಗಿನಕಾಯಿ ಬಿತ್ತು, ಕಾರು ಕೂಗಿತು, ಎಲ್ಲರೂ ನಕ್ಕರು, ಬಸವರಾಜಪ್ಪನೂ ನಕ್ಕ, ಮೇಕೆ ಬಂದು ಮೈ ಉಜ್ಜಿತು, ಕೂಗಿತು, ಮತ್ತೆ ನಗು, ಬೆಳಗಿನಿಂದ ಕುಕ್ಕರಗಾಲಲ್ಲಿ ಕೂತಿದ್ದ ಅವ್ವ ನೀರು ಕುಡಿಯಲೆಂದು ಎದ್ದಳು, ತಲೆ ಸುತ್ತಿತು, ಬಾನೆಟ್ಟಿನ ಮೇಲೆ ಕೈ ಊರಿದಳು, ಕೂಗಿತು, ಯಾರೂ ನಗಲಿಲ್ಲ, ಬಸವರಾಜಪ್ಪ ಜಗುಲಿಗೆ ಬಂದು ಕೈಯಲ್ಲಿದ್ದ ರಿಮೋಟು ಒತ್ತಿ ಕಾರಿನ ಬಾಯಿ ಮುಚ್ಚಿಸಿದ, ಅವ್ವನ ಕಡೆ ನೋಡಲೂ ಇಲ್ಲ, ಗಂಗಯ್ಯ, ಕಾರು ತೊಳ್ದು ಬುಡು — ಅಷ್ಟೇ, ಬೈಗುಳವಿಲ್ಲ, ಏಟಿಲ್ಲ, ಮೇಕೆ ಉಜ್ಜಿದಾಗ ತೊಳೆಯದ ಕಾರು, ಬಿಳಿ ಬಾನೆಟ್ಟಿನ ಮೇಲೆ ಚಿಪ್ಪಿನ ಧೂಳು ಬೆವರು ಕೂಡಿದ ಕಪ್ಪು ಐದು ಬೆರಳು, ಗಂಗಯ್ಯ ಬಿಂದಿಗೆಯಿಂದ ನೀರು ಸುರಿದ, ಮೊದಲು ಕಿರುಬೆರಳು ಹೋಯಿತು, ಆಮೇಲೆ ನಡುವಿನವು, ಹೆಬ್ಬೆರಳು ಕಡೆಗೆ, ಅವ್ವ ಆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಮತ್ತೆ ಸಾಲಿನಲ್ಲಿ ಹೋಗಿ ಕೂತಳು, ಯಂತ್ರಕ್ಕೆ ಏನೂ ಗೊತ್ತಿರಲಿಲ್ಲ, ಕಾಯಿಗೂ ಮೇಕೆಗೂ ಅವ್ವನಿಗೂ ಅದು ಒಂದೇ ಸಮನೆ ಕೂಗಿತ್ತು, ಆ ಕೂಗಿಗೆ ಅರ್ಥ ಕೊಟ್ಟವನು ಜಗುಲಿಯ ಮೇಲಿದ್ದ, ಅವತ್ತೇ ಶಪಥ ಮಾಡಿದೆ ಎಂದರೆ ಸುಳ್ಳಾದೀತು, ಅವತ್ತು ನಾನು ಸಂಜೆಯವರೆಗೆ ಮೂಟೆ ಹೊತ್ತೆ, ಮನೆಗೆ ಬಂದು ಉಂಡೆ, ಮಲಗಿದೆ, ಸಿಟ್ಟು ಆಮೇಲೆ ನಿಧಾನಕ್ಕೆ ಬಂತು, ಬಂದದ್ದು ಹೋಗಲಿಲ್ಲ.

ಬೆಸುಗೆಗೆ ಟೇಪು ಸುತ್ತಿ ಆಯಿತು, ಡಬ್ಬಿ ಕಳಚಿ ಹೊರಗೆ ಬಿತ್ತು, ಇನ್ನು ಬಾನೆಟ್ಟಿನ ಒಳಗೆ ಮೂಲೆಯಲ್ಲಿರುವ ಸೈರನ್ ಒಂದೇ, ಅದಕ್ಕೆ ಹೋಗುವ ಎರಡು ವೈರು ಕತ್ತರಿಸಿದರೆ ಮುಗಿಯಿತು, ಕತ್ತರಿಸುತ್ತೇನೆ — ಅಯ್ಯೋ, ಕೂಗಿತು, ವೈರೇ ಇಲ್ಲದೆ ಕೂಗುತ್ತಿದೆ, ಅದೇ ಕೂಗು, ಎಂಟು ವರ್ಷ ಕಳೆದರೂ ಅದೇ, ಬುಡ್ಲಾ ರಂಗ, ಕಿವಿ ಕಿತ್ತೋಯ್ತವೆ ಎಂದು ಈರಣ್ಣ ಅಂಗಡಿಯಿಂದಲೇ ಬಾಯಿ ಮಾಡುತ್ತಿದ್ದಾನೆ, ಹೊಟ್ಟೆಯೊಳಗೆ ಬೇರೆ ಬ್ಯಾಟರಿ ಇಟ್ಟುಕೊಂಡ ಸೈರನ್ ಇದೆಯೆಂದು ಕೇಳಿದ್ದೆ, ಕಂಡಿರಲಿಲ್ಲ, ನಿನ್ನೆ ಕಾರಿಗೆ ಹೊಸ ಬ್ಯಾಟರಿ ಕಟ್ಟಿ ಹಾಗೇ ಬಿಟ್ಟವನು ನಾನೇ, ಎರಡು ವರ್ಷ ಸತ್ತು ಬಿದ್ದಿದ್ದದ್ದು ಅದನ್ನು ಕುಡಿದು ಹೊಟ್ಟೆ ತುಂಬಿಸಿಕೊಂಡಿದೆ, ನಾನೇ ಉಣ್ಣಿಸಿದೆ, ಬಿಚ್ಚಿ ಕೈಗೆ ತೆಗೆದುಕೊಂಡೆ, ಸಣ್ಣ ಬೀಗದ ತೂತಿದೆ, ಕೀಲಿ ಇಲ್ಲ, ಸ್ಕ್ರೂಗಳು ತುಕ್ಕು ಹಿಡಿದು ನುಣ್ಣಗಾಗಿವೆ, ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದರೆ ಜಾರುತ್ತದೆ, ಕೂಗುತ್ತದೆ, ತಲೆ ಎತ್ತಿದರೆ ರಸ್ತೆಯ ಆಚೆ ಅವ್ವ, ಕೈಯಲ್ಲಿ ಬುತ್ತಿ ಗಂಟು, ಬಸ್ಸಿಳಿದವಳು ಹಾಗೇ ನಿಂತಿದ್ದಾಳೆ, ಬೆಳಕಷ್ಟೇ ಕಾಣುವ ಕಣ್ಣಿಗೆ ಕಿವಿ ಹೇಳಿಬಿಟ್ಟಿದೆ, ಓಡಿಹೋಗಿ ಕೈ ಹಿಡಿದೆ, ಕೊಡವಿದಳು, ಇದು ಬಸವರಾಜಪ್ಪಂದಲ್ವೇನ್ಲಾ, ಯಾಕ್ಲಾ ಸುಳ್ಳೇಳ್ದೆ, ಸುಳ್ಳು ಹೇಳಲಿಲ್ಲ ಕಣವ್ವ, ಈಗ ನಂದೇ, ನಿಂದಾದ್ರೆ ಯಾಕಿನ್ನೂ ಕೂಗ್ತೈತೆ — ಗಂಟೆ ಎರಡೂವರೆ, ಹಿಂದಕ್ಕೆ ಹೋಗುವ ಬಸ್ಸು ಇನ್ನು ಹತ್ತು ನಿಮಿಷಕ್ಕೆ ಬರುತ್ತದೆ, ಅವಳು ಹತ್ತಿದರೆ ಕಣ್ಣು ಹೋಯಿತು, ಬಂದು ಮತ್ತೆ ಸುತ್ತಿಗೆ ಹಿಡಿದೆ, ಹೊಡೆದೆ, ಜಾರಿತು, ಹೊಡೆದೆ, ಆಗ ಹಿಂದಿನಿಂದ, ಬೆನ್ನ ಹತ್ತಿರವೇ, ಕೂಗಿನ ಜಾಡು ಹಿಡಿದು ರಸ್ತೆ ದಾಟಿ ಬಂದ ಅವ್ವನ ದನಿ, ಹಂಗೆ ಬಡುದ್ರೆ ಒಡಿತದೇನ್ಲಾ, ಮೂಟೆ ಹೊರೋನ ಕೈ ಅದು, ಕೊಡಿಲ್ಲಿ.

ಕುಕ್ಕರಗಾಲಲ್ಲಿ ಕೂತಳು, ಬುತ್ತಿ ಪಕ್ಕಕ್ಕಿಟ್ಟಳು, ಕೂಗುತ್ತಿರುವುದನ್ನು ಎಡಗೈಗೆ ತೆಗೆದುಕೊಂಡು ಒಂದು ಸುತ್ತು ತಿರುಗಿಸಿದಳು, ಕಣ್ಣು ಎಲ್ಲೋ ರಸ್ತೆಯ ಮೇಲಿದೆ, ಹೆಬ್ಬೆರಳು ಮಾತ್ರ ನೋಡುತ್ತಿದೆ, ಅಂಚು ಸೇರುವ ಗೆರೆ ಹುಡುಕುತ್ತಿದೆ, ಇಷ್ಟೇನಾ ಇದು, ಅರ್ಧ ಕಾಯಷ್ಟಿಲ್ಲ ಅಂದಳು, ಸುತ್ತಿಗೆಯಲ್ಲಿ ಗೆರೆಯ ಮೇಲೆ ಟಕ್, ತಿರುಗಿಸಿ ಟಕ್, ಮತ್ತೆ ತಿರುಗಿಸಿ ಒಂದೇ ಒಂದು ಪೆಟ್ಟು, ಸಾವಿರ ಕಾಯಿಯ ಪೆಟ್ಟು, ಚಿಪ್ಪು ಎರಡಾಯಿತು, ಒಳಗೆ ಹಸಿರು ಬಟ್ಟೆ ತೊಟ್ಟಂತೆ ಮೂರು ಪುಟ್ಟ ಸೆಲ್ಲುಗಳು, ಒಂದು ಗೀರೂ ಇಲ್ಲ, ನಾನು ಬಗ್ಗಿ ಕೂದಲಿನಂಥ ಕೆಂಪು ವೈರು ಕತ್ತರಿಸಿದೆ — ಮೌನ, ಕಿವಿಯಲ್ಲಿ ಗಾಳಿ ತುಂಬಿದಂಥ ಮೌನ, ತೆಂಗಿನ ಗರಿ ಅಲ್ಲಾಡುವುದು ಕೇಳಿಸಿತು, ಈರಣ್ಣ ಕಿವಿಯಿಂದ ಬೆರಳು ತೆಗೆದು ಕೇಳಿದ, ಗೌರವ್ವ, ಕೊಬ್ರಿ ಹೆಂಗೈತೆ, ಅವ್ವ ಸೆಲ್ಲು ಮೂಸಿ ನೋಡಿ, ಕೌಟು ಕಣಪ್ಪ, ಮಂಡೀಲಿ ಯಾರೂ ಮುಟ್ಟಲ್ಲ ಅಂದಳು, ನಕ್ಕದ್ದು ಅವಳೇ ಮೊದಲು, ಏಳಲು ಹೋದಳು, ಮೊಣಕಾಲು ಹಿಡಿದಿತ್ತು, ಎಡಗೈ ಗಾಳಿಯಲ್ಲಿ ಆಸರೆ ತಡಕಿತು, ನಾನು ತೋಳು ಕೊಟ್ಟೆ, ಹಿಡಿಯಲಿಲ್ಲ, ಎಂಜಿನ್ ಎಣ್ಣೆ, ಸೈರನ್ನಿನ ಮಸಿ ಎಲ್ಲ ಅಂಟಿದ ಕೈ ಬಾನೆಟ್ಟಿನ ಮೇಲೆ ಒಂದಂಗುಲ ದೂರದಲ್ಲಿ ನಿಂತಿತು, ಅವಳು ಕಾದಳು, ನಾನು ಕಾದೆ, ಊರಿದಳು, ಪೂರಾ ಅಂಗೈ, ಮೈಭಾರವೆಲ್ಲ ಹಾಕಿ, ಸತ್ತೋಯ್ತೇನ್ಲಾ, ಹೂಂ ಕಣವ್ವ, ಮತ್ತೂ ಒತ್ತಿದಳು, ಕೀಲಿ ತಿರುಗಿಸಿದೆ, ಒಂದೇ ಸಲಕ್ಕೆ ಎಂಜಿನ್ ಹಿಡಿಯಿತು, ನನ್ನ ಬೆಸುಗೆ, ಮುಂದಿನ ಸೀಟಿನಲ್ಲಿ ಕೂತು ಸೆರಗು ಎಳೆದುಕೊಂಡಳು, ಈರಣ್ಣ ಒದ್ದೆ ಬಟ್ಟೆ ಹಿಡಿದು ಬಂದ, ತಡೀಲಾ, ಬಾನೆಟ್ ಮಸಿಯಾಗೈತೆ, ಒರೆಸ್ ಬುಡ್ತೀನಿ, ನಾನು ಹೇಳಿದೆ, ಇರ್ಲಿ ಬುಡು ಈರಣ್ಣ, ಈಗ ಮೂರು ಗಂಟೆ, ತುರುವೇಕೆರೆ ರಸ್ತೆ, ಎರಡೂ ಕಡೆ ತೆಂಗು, ನೆರಳು ಬಿಸಿಲು ನೆರಳು ಬಿಸಿಲು ಗಾಜಿನ ಮೇಲೆ ಓಡುತ್ತಿದೆ, ಅವ್ವ ಕಿಟಕಿಗೆ ಮುಖ ಕೊಟ್ಟು ಗಾಳಿ ಕುಡಿಯುತ್ತಿದ್ದಾಳೆ, ನಾಳೆ ಪಟ್ಟಿ ಬಿಚ್ಚಿದರೆ ಮೊದಲು ಇದನ್ನೇ ತೋರಿಸಬೇಕು, ಅಲ್ಲಿಯವರೆಗೆ ಮಳೆ ಬರದಿರಲಿ, ನನ್ನ ಕಣ್ಣು ರಸ್ತೆಯ ಮೇಲಿರಬೇಕು, ಇಲ್ಲ, ಅದರ ಮೇಲೇ ಹೋಗುತ್ತಿದೆ, ಗಾಜಿನಾಚೆ, ಬಿಸಿಲು ಬಿದ್ದಾಗಲೆಲ್ಲ, ಕಿರುಬೆರಳು ಇದೆ, ನಡುವಿನವು ಇವೆ, ಹೆಬ್ಬೆರಳು ಇದೆ, ಬಿಳಿ ಬಾನೆಟ್ಟಿನ ಮೇಲೆ ಐದು ಬೆರಳು, ಕಪ್ಪಗೆ, ಐದು ಬೆರಳು