ಕೇಳೋ ಕಿಟಕಿ, ಬರೆಯೋ ಕಿಟಕಿ

ಮಳೆ ಹಿಂದೆ ಸರಿದು ಹದಿನೈದು ದಿನವಾಗಿತ್ತು. ಬಯಲಿನ ಹುಲ್ಲು ತೆನೆ ಬಿಟ್ಟು ಹೊಂಬಣ್ಣಕ್ಕೆ ತಿರುಗಿತ್ತು. ಉಣ್ಣೆ ಕತ್ತರಿಸಿಕೊಂಡ ಕುರಿಗಳು ಬೆಳಗಿನ ಚಳಿಗಾಳಿಗೆ ಒಂದಕ್ಕೊಂದು ಒತ್ತಿಕೊಂಡು ನಡೆಯುತ್ತಿದ್ದವು. ಟಗರು ಬದಲಾಯಿಸುವ ಶನಿವಾರಕ್ಕೆ ಇನ್ನು ಮೂರೇ ದಿನ. ಕುರಿ ಸಂಘದ ಕಚೇರಿಯಲ್ಲಿ ಪಟ್ಟಿಯಕ್ಕ ಬೆಳಗಿನಿಂದ ಬಗ್ಗಿಸಿದ ಕತ್ತು ಎತ್ತಿರಲಿಲ್ಲ. ಕಿಂಡಿಯಾಚೆ ನಿಂತ ಕುರಿಗಾರರು ಒಬ್ಬೊಬ್ಬರಾಗಿ ಮರಿಯ ಕಿವಿಯೋಲೆ ನಂಬರು, ತಾಯಿಯ ನಂಬರು, ತಂದೆಯ ನಂಬರು ಕೂಗುತ್ತಿದ್ದರು. ಇವಳು ಕೀಲಿ ಕುಟ್ಟುತ್ತಿದ್ದಳು. ಪ್ರಿಂಟರು ಬೆರಳುದ್ದದ ಚೀಟಿಯೊಂದನ್ನು ಉಗುಳುತ್ತಿತ್ತು. ಚೀಟಿ ತೆಗೆದುಕೊಂಡವನು ಹೋದರೆ ಇನ್ನೊಬ್ಬ.

ಪಟ್ಟಿಯಕ್ಕ ಎಂಬ ಹೆಸರು ಬಂದದ್ದು ಪಟ್ಟಿಯಿಂದಲೇ. ಯಾರ ಟಗರು ಯಾರ ಹಿಂಡಿಗೆ ಹೋಗಬೇಕು ಎನ್ನುವ ಪಟ್ಟಿಯನ್ನು ವರ್ಷಕ್ಕೊಮ್ಮೆ ತೆಗೆದು ಗೋಡೆಗೆ ಅಂಟಿಸುವುದು ಅವಳ ಕೆಲಸ. ಟಗರು ತನ್ನ ಹೆಣ್ಣುಮರಿಗಳಿರುವ ಹಿಂಡಿಗೆ ಹೋಗಕೂಡದು. ಹೋದರೆ ಮುಂದಿನ ವರ್ಷ ಹುಟ್ಟುವುದು ಕಾಲು ಸೊಟ್ಟ, ಮೊಲೆ ಹಿಡಿಯಲಾರದ ಮರಿಗಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಪಟ್ಟಿ ನೋಡಿ ಯಾಕೆ ಎಂದು ಕೇಳಿದವರಿಲ್ಲ.

ಆ ಲೆಕ್ಕವನ್ನೆಲ್ಲ ಹಾಕುತ್ತಿದ್ದದ್ದು ಹಿಂದಿನ ಪಶುವೈದ್ಯರು ತಾವೇ ಕೂತು ಬರೆದ ಪ್ರೋಗ್ರಾಮು. ಕಪ್ಪು ಪರದೆ, ಹಸಿರು ಅಕ್ಷರ, ಮೌಸಿನ ಹಂಗಿಲ್ಲ. ಡಾಕ್ಟರು ಹೋಗಿಬಿಟ್ಟರು. ನಾಲ್ಕು ವರ್ಷದ ಹಿಂದೆ ಅವರ ಕಾಲದ ಕಂಪ್ಯೂಟರೂ ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಆಗ ಕೈಹಿಡಿದವಳು ಪಟ್ಟಿಯಕ್ಕನ ನಾದಿನಿ, ತಮ್ಮನ ಹೆಂಡತಿ. ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡ ಹೆಂಗಸು. ಹೊಸ ಯಂತ್ರದ ಬ್ರೌಸರಿನೊಳಗೆ ಆ ಹಳೆಯ ಪ್ರೋಗ್ರಾಮನ್ನು ಹೇಗೋ ಕೂರಿಸಿಕೊಟ್ಟಿದ್ದಳು. "ಅತ್ತಿಗೆ, ಈ ಕಿಟಕಿಯೊಳಗೆ ಒಂದು ಹಳೇ ಕಂಪ್ಯೂಟರ್ ಇದೆ. ತಾನಿನ್ನೂ ಬದುಕಿದೀನಿ ಅಂದ್ಕೊಂಡಿದೆ. ನೀವೂ ಹಾಗೇ ಅಂದ್ಕೊಳ್ಳಿ, ಆಯ್ತು" ಎಂದಿದ್ದಳು.

ಮಧ್ಯಾಹ್ನದ ಹೊತ್ತಿಗೆ ಗೊಣಗಜ್ಜ ಬಂದ. ಅವನ ಹಿಂಡು ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು.

"ನೋಡಮ್ಮ, ಪ್ರಿಂಟರಿಗೆ ಶಾಯಿ ಇಲ್ಲ ಅಂತ ಹೋದ ವಾರ ಕೈಯಲ್ಲಿ ಗೀಚಿಕೊಟ್ಟೆಯಲ್ಲ, ಇದೇ ಅದು. ಜೇಬಲ್ಲಿ ಬೆವರು ತಾಗಿ ಅಳಿಸಿಹೋಗಿದೆ. ನನ್ನ ಅವಳಿ ಮರಿಗೆ ಮಿಷಿನ್ ಚೀಟಿನೇ ಬೇಕು. ನಾನೇನು ಬಿಟ್ಟಿ ಸದಸ್ಯನಾ?"

"ಅಯ್ಯೋ, ಕೊಡ್ತೀನಿ ತಡಿ ಅಜ್ಜ."

ನಂಬರು ಒತ್ತಿದಳು. ಅಂಥ ಮರಿ ಇಲ್ಲ ಎಂದಿತು ಪರದೆ. ಶಾಯಿಯ ಗಲಾಟೆಯಲ್ಲಿ ಕಂಪ್ಯೂಟರಿಗೆ ಹತ್ತಿಸುವುದೇ ಮರೆತೆನೇನೋ ಎಂದುಕೊಂಡು ಅದೇ ದಿನದ ಇನ್ನೊಂದು ನಂಬರು ಒತ್ತಿದಳು. ಇಲ್ಲ. ಮಾರನೇ ದಿನದ್ದು, ನಿನ್ನೆಯದು, ಯಾವುದೂ ಇಲ್ಲ. ಎಂಟು ದಿನ ಕೂತು ಹತ್ತಿಸಿದ ಮರಿಗಳಲ್ಲಿ ಒಂದೂ ಇರಲಿಲ್ಲ. ಈ ಮರಿಗಳು ಒಳಗಿಲ್ಲದೆ ಪಟ್ಟಿ ತೆಗೆದರೆ ಯಾವ ಟಗರಿನ ಮಕ್ಕಳು ಎಲ್ಲಿವೆ ಎಂದು ಪ್ರೋಗ್ರಾಮಿಗೆ ಗೊತ್ತಾಗುವುದಿಲ್ಲ. ಅಪ್ಪನನ್ನೇ ಮಕ್ಕಳ ಹಿಂಡಿಗೆ ಬಿಡು ಎನ್ನುತ್ತದೆ.

"ಏನು, ನನ್ನ ಮರಿ ಹಾರಿಹೋಯ್ತಾ?" ಎಂದ ಅಜ್ಜ.

"ನಾಳೆ ಬಾ ಅಜ್ಜ" ಎಂದು ಕಿಂಡಿ ಎಳೆದುಕೊಂಡು ನಾದಿನಿಗೆ ಫೋನು ಮಾಡಿದಳು.

ಆ ಕಡೆಯಿಂದ ಗಾಬರಿಯ ಸುಳಿವೂ ಇಲ್ಲ. "ಈಗ ಎಷ್ಟು ಕಿಟಕಿ ತೆರೆದಿವೆ ಅತ್ತಿಗೆ?"

"ಎರಡು."

"ಎರಡನ್ನೂ ಮುಚ್ಚಬೇಡಿ. ಯಂತ್ರ ಆರಿಸಬೇಡಿ. ನಿಮ್ಮ ಕೈ ಸುಮ್ನಿರಲ್ಲ ಅಂದ್ರೆ ಅದರ ಮೇಲೆ ಕೂತ್ಕೊಳ್ಳಿ. ಬಂದೆ."

ಅರ್ಧ ಗಂಟೆಗೆ ನಾದಿನಿ ಸೈಕಲ್ಲು ಗೋಡೆಗೆ ಒರಗಿಸಿ ಒಳಗೆ ಬಂದಳು. ಬಂದವಳು ಮೊದಲು ಮಾಡಿದ ಕೆಲಸ ಒಂದೇ. ತೆರೆದಿದ್ದ ಎರಡೂ ಕಿಟಕಿಗಳಿಂದ ಡಾಕ್ಟರ ಪ್ರೋಗ್ರಾಮಿನ ಕಡತಗಳನ್ನು ಕಟ್ಟು ಕಟ್ಟಿ ಕೆಳಗಿಳಿಸಿ, ಯಂತ್ರದಲ್ಲಿ ಬೇರೆಯಾಗಿ ಉಳಿಸಿದಳು. ಒಂದೊಂದಕ್ಕೆ ಬೇರೆ ಬೇರೆ ಹೆಸರಿಟ್ಟು ಪೆನ್‌ಡ್ರೈವಿಗೂ ಹಾಕಿಕೊಂಡು ಜೇಬಿಗಿಳಿಸಿದಳು. "ಈಗ ಯಂತ್ರಕ್ಕೆ ಬೆಂಕಿ ಬಿದ್ರೂ ಇವತ್ತಿನ ಹದಿನಾಲ್ಕು ಮರಿ ಭದ್ರ" ಎಂದಳು. ಆಮೇಲೆ ಕುರ್ಚಿ ಹಿಂದಕ್ಕೆಳೆದು ಕೈಕಟ್ಟಿ ಕೂತಳು.

"ಏನೇ, ನೋಡಲ್ವಾ?"

"ನೋಡ್ತಾ ಇದೀನಲ್ಲ. ನೀವು ಕೆಲಸ ಮಾಡಿ."

"ಏನು ಕೆಲಸ?"

"ಬೆಳಗ್ಗೆ ಬಂದಾಗಿಂದ ಏನು ಮಾಡ್ತೀರೋ ಅದು. ನಂಗೆ ವಿವರಿಸಬೇಡಿ, ಬರೀ ಮಾಡಿ. ಅಲ್ಲಿ ಪಕ್ಕಕ್ಕೆ ಡಾಕ್ಟರ ಪ್ರೋಗ್ರಾಮಿನ ನಕಲು ಒಂದು ತೆರೆದಿಟ್ಟಿದೀನಿ, ಕೆಟ್ಟರೂ ಚಿಂತೆ ಇಲ್ಲ. ಅದರಲ್ಲಿ ಮೂರು ಕಾಲಿನ ಕುರಿ ಅಂತ ಒಂದನ್ನ ಸೇರಿಸಿ."

"ಮೂರು ಕಾಲಿಂದಾ? ಎಂಥ ಮಾತೇ ಇದು."

"ನಿಜವಾದ್ದರ ಜೊತೆ ಬೆರೆತುಹೋಗಬಾರದಲ್ಲ, ಅದಕ್ಕೆ. ನಿಮ್ಮ ತಮ್ಮನ ಹೆಸರಿಡೋಣ ಅಂದ್ಕೊಂಡಿದ್ದೆ, ಅವನಿಗೆ ಎರಡೇ ಕಾಲು."

ಆ ಹೊತ್ತಿನಲ್ಲೂ ಪಟ್ಟಿಯಕ್ಕನಿಗೆ ನಗು ಬಂತು. ದಿನಾ ಮಾಡುವಂತೆ ಮೊದಲು ಒಂದು ಕಿಟಕಿ ತೆರೆದಳು. ಅದು ಕೇಳೋ ಕಿಟಕಿ. ಬಂದವರು ಏನಾದರೂ ಕೇಳಿದರೆ ಹುಡುಕಿ ಹೇಳುವುದಕ್ಕೆ. ಆಮೇಲೆ ಇನ್ನೊಂದು, ಬರೆಯೋ ಕಿಟಕಿ. ಕಾಗದದ ಕಾಲದಲ್ಲಿ ಡಾಕ್ಟರು ಹಾಕಿಕೊಟ್ಟ ಕಟ್ಟಳೆ ಅದು. ಬರೆಯುವ ಪುಸ್ತಕವನ್ನು ಮಣ್ಣುಕೈಯವರು ಮುಟ್ಟಕೂಡದು, ತೋರಿಸುವುದಕ್ಕೆ ಬೇರೆಯೇ ಪುಸ್ತಕ ಇರಬೇಕು. ಪುಸ್ತಕ ಹೋಗಿ ಕಂಪ್ಯೂಟರು ಬಂದರೂ ಅವಳ ಕೈ ಆ ಎರಡನ್ನು ಬಿಟ್ಟಿರಲಿಲ್ಲ. ಬರೆಯೋ ಕಿಟಕಿಯಲ್ಲಿ ಮೂರು ಕಾಲಿನ ಕುರಿ ಸೇರಿತು.

"ಸಂಜೆ ಆಯ್ತು ಅಂದ್ಕೊಳ್ಳಿ. ಮನೆಗೆ ಹೊರಡಿ."

ಪಟ್ಟಿಯಕ್ಕ ಬರೆಯೋ ಕಿಟಕಿ ಮುಚ್ಚಿದಳು. ಕೊನೇ ಗಳಿಗೆಯಲ್ಲಿ ಯಾರಾದರೂ ಬಂದು ಕೇಳಬಹುದೆಂದು ಕೇಳೋ ಕಿಟಕಿಯನ್ನು ಸ್ವಲ್ಪ ಹೊತ್ತು ಬಿಟ್ಟು ಮುಚ್ಚಿದಳು. ಪರದೆ ಆರಿಸಿ, ಬಟ್ಟೆ ಹೊದಿಸಿ, ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ ಬಾಗಿಲವರೆಗೂ ಹೋದಳು.

"ಅತ್ತಿಗೆ, ನಿಜವಾಗ್ಲೂ ಹೋಗಬೇಡಿ!"

ತಿರುಗಿ ಬಂದು ಕಿಟಕಿ ತೆರೆದು ನೋಡಿದರೆ ಮೂರು ಕಾಲಿನ ಕುರಿ ಇರಲಿಲ್ಲ.

ನಾದಿನಿ ತೊಡೆ ತಟ್ಟಿಕೊಂಡು ಗೆದ್ದವಳಂತೆ ನಗಲಿಲ್ಲ. ಮೆಲ್ಲಗೆ ಕೇಳಿದಳು, "ಹಿಂದೆಲ್ಲ ಮುಚ್ಚುವಾಗ ಉಳಿಸಲಾ ಬೇಡವಾ ಅಂತ ಕೇಳ್ತಿತ್ತು, ಅಲ್ವಾ?"

"ಹೌದು. ಕೇಳೋ ಕಿಟಕಿಗೆ ಬೇಡ ಅಂತಿದ್ದೆ. ಈಚೆಗೆ ಕೇಳೋದು ಬಿಟ್ಟಿದೆ. ಒಳ್ಳೇದಾಯ್ತು, ಒಂದು ಪೀಡೆ ತಪ್ತು ಅಂದ್ಕೊಂಡೆ."

"ಅದೇ. ಬ್ರೌಸರ್ ಹೊಸದಾಗಿ ತನ್ನನ್ನ ತಾನೇ ಬದಲಾಯಿಸಿಕೊಂಡಿದೆ. ಈಗ ಕೇಳದೇ ಉಳಿಸುತ್ತೆ. ನೋಡಿ, ಎರಡು ಕಿಟಕಿ ಅಂದ್ರೆ ಒಂದೇ ಪುಸ್ತಕದ ಎರಡು ಪ್ರತಿ. ಬೀರು ಒಂದೇ. ಬರೆದ ಪ್ರತಿನ ಮೊದಲು ಬೀರುವಿಗೆ ಇಡ್ತೀರ. ಆಮೇಲೆ ಬೆಳಗ್ಗಿನ ಹಳೇ ಪ್ರತಿ ಬಂದು ಅದನ್ನ ಎಸೆದು ತಾನು ಕೂರುತ್ತೆ. ದಿನಾ ಹಾಗೇ ಆಗಿದೆ. ನೀವು ಎಂಟು ದಿನ ಬರೆದದ್ದೂ ನಿಜ, ಎಂಟು ದಿನ ಅಳಿಸಿದ್ದೂ ನಿಜ."

ಪಟ್ಟಿಯಕ್ಕ ಹೆಗಲಿನ ಚೀಲ ಕೆಳಗಿಟ್ಟಳು. "ಹಾಗಾದ್ರೆ ಹೋಯ್ತು ಅನ್ನು."

"ಬೀರುವಿಂದ ಹೋಯ್ತು. ಕಸದಬುಟ್ಟಿ ಇನ್ನೂ ನೋಡಿಲ್ಲ." ನಾದಿನಿ ಈಗ ಮೊದಲ ಸಲ ಮೌಸು ಹಿಡಿದಳು. "ಒಂದೊಂದು ಮರಿಗೂ ಚೀಟಿ ಕೊಟ್ರಲ್ಲ. ಪ್ರಿಂಟರಿಗೆ ಹೋಗೋ ಮುಂಚೆ ಆ ಚೀಟಿ ಎಲ್ಲಿರುತ್ತೆ ಗೊತ್ತಾ?"

"ಎಲ್ಲಿರುತ್ತೆ? ಪ್ರಿಂಟರಲ್ಲೇ."

"ಇಲ್ಲ. ಕಿಟಕಿಯೊಳಗಿನ ಹಳೇ ಕಂಪ್ಯೂಟರಿಗೆ ಈ ಪ್ರಿಂಟರ್ ಗೊತ್ತೇ ಇಲ್ಲ. ಅದು ಚೀಟಿನ ಫೈಲ್ ಮಾಡಿ ಹೊರಗೆ ಎಸೆಯುತ್ತೆ, ಹೊರಗಿನದು ಹೆಕ್ಕಿ ಅಚ್ಚು ಹಾಕುತ್ತೆ."

ಡೌನ್‌ಲೋಡ್ ಆದವೆಲ್ಲ ಬಿದ್ದಿರುವ ಜಾಗ ತೆರೆದಳು. ನಾಲ್ಕು ವರ್ಷದ ಚೀಟಿಗಳು ಅಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಎಲ್ಲಕ್ಕೂ ಒಂದೇ ಹೆಸರು, ಹಿಂದೆ ಒಂದು, ಎರಡು, ಮೂರು ಎಂದು ಬಾಲ. ಸಾವಿರಾರು. ಪಟ್ಟಿಯಕ್ಕನಿಗೆ ನೋಡಿಯೇ ತಲೆ ಸುತ್ತಿತು. ನಾದಿನಿ ಬಾಲದ ಗೊಡವೆಗೇ ಹೋಗಲಿಲ್ಲ. ತಾರೀಖಿನ ಪ್ರಕಾರ ಸಾಲು ನಿಲ್ಲಿಸಿದಳು. ಎಂಟು ದಿನದ ಚೀಟಿಗಳು ಕುರಿದೊಡ್ಡಿಯ ಬಾಗಿಲು ತೆರೆದಂತೆ ಒಂದರ ಹಿಂದೊಂದು ಬಂದು ನಿಂತವು. ನೂರಾ ಎಪ್ಪತ್ತೊಂಬತ್ತು.

"ಕಿವಿಯೋಲೆ ಎಷ್ಟು ಖರ್ಚಾಗಿದೆ?"

ಪಟ್ಟಿಯಕ್ಕ ಓಲೆಯ ಡಬ್ಬಿ ಎಣಿಸಿದಳು. "ಇವತ್ತಿನ ಹದಿನಾಲ್ಕು ಬಿಟ್ಟು ನೂರಾ ಎಂಬತ್ತೊಂದು."

"ಎರಡು ಕಮ್ಮಿ."

"ಶಾಯಿ ಇಲ್ಲದ ದಿನ ಕೈಯಲ್ಲಿ ಬರೆದದ್ದು. ಗೊಣಗಜ್ಜನ ಅವಳಿ."

ಮಾರನೇ ದಿನ ಬೆಳಕು ಹರಿಯುತ್ತಲೇ ಇಬ್ಬರೂ ಕೂತರು. ನಾದಿನಿ ಚೀಟಿ ಓದುವುದು, ಅತ್ತಿಗೆ ಹತ್ತಿಸುವುದು. ಓದುವ ಧ್ವನಿಗೆ ಅವಸರವಿರಲಿಲ್ಲ, ಬೇಸರವೂ ಇರಲಿಲ್ಲ. ಇಪ್ಪತ್ತೈದಕ್ಕೊಮ್ಮೆ ನಿಲ್ಲಿಸುತ್ತಿದ್ದಳು. ಕಡತದ ಕಟ್ಟು ಕೆಳಗಿಳಿಸುತ್ತಿದ್ದಳು. ಹೆಸರಿಗೆ ಗಂಟೆ ನಿಮಿಷ ಸೇರಿಸುತ್ತಿದ್ದಳು. ಇಳಿಸಿದ್ದನ್ನು ನಂಬದೆ ತೆರೆದು ಒಳಗೆ ಇಣುಕುತ್ತಿದ್ದಳು. ಆಮೇಲೇ ಮುಂದಿನದು. ಕಣ್ಣಿಗೆ ಕಾಣದ ವಸ್ತುವನ್ನು ಇಷ್ಟು ನಾಜೂಕಾಗಿ, ಹಸಿಮರಿಯನ್ನು ಎತ್ತಿಡುವಂತೆ ಎತ್ತಿಡಬಹುದೆಂದು ಪಟ್ಟಿಯಕ್ಕ ಎಣಿಸಿರಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಜೊತೆಗೆ ಕೂತು ಉಂಡವಳ ಕೆಲಸವನ್ನು ಇವತ್ತೇ ಮೊದಲು ನೋಡಿದಂತಾಯಿತು.

ನಡುವೆ ಗೊಣಗಜ್ಜ ಬಂದ. ಅಳಿಸಿಹೋದ ಚೀಟಿಯಲ್ಲಿ ತಂದೆಯ ನಂಬರು ಕಾಣುತ್ತಿರಲಿಲ್ಲ.

"ಚೀಟಿ ಯಾಕೆ, ನನ್ನ ಕೇಳು. ಆ ಉಬ್ಬುಮೂಗು ನೋಡಿದ್ರೆ ಗೊತ್ತಾಗಲ್ವಾ? ಎಪ್ಪತ್ತೇಳು. ಹೋದ ವರ್ಷ ನನ್ನ ಹಿಂಡಲ್ಲಿ ಬೇರೆ ಟಗರು ಇದ್ದಿದ್ದಾದ್ರೂ ಎಲ್ಲಿ?"

ನಾದಿನಿ ಹೋದ ವರ್ಷದ ಪಟ್ಟಿ ತೆಗೆದು ನೋಡಿ, "ಅಜ್ಜ ಸರಿ" ಎಂದಳು. ಅಜ್ಜ ಅಷ್ಟಕ್ಕೇ ಮೀಸೆ ತಿರುವಿದ.

ಶುಕ್ರವಾರ ನಾದಿನಿ ಕಿಟಕಿಗಳ ಕೆಲಸ ಮುಗಿಸಿದಳು. ಕೇಳೋ ಕಿಟಕಿಯ ಅಕ್ಷರ ಈಗ ಹಳದಿ. ಅದರಲ್ಲಿ ಏನೇ ಒತ್ತಿದರೂ, ಯಾವಾಗಲೇ ಮುಚ್ಚಿದರೂ ಬೀರುವಿನಲ್ಲಿ ಒಂದಕ್ಷರ ಅಲುಗುವುದಿಲ್ಲ.

"ಒಂದೇ ಕಿಟಕಿ ಇಟ್ಕೊಳ್ಳಿ ಅಂದಿದ್ರೆ ಆಗ್ತಿತ್ತಲ್ಲೇ, ಇಷ್ಟು ಪಾಡು ಯಾಕೆ ಪಟ್ಟೆ?"

"ಹತ್ತೊಂಬತ್ತು ವರ್ಷ ಕಲಿತ ಕೈ ಅತ್ತಿಗೆ ಅದು. ನೀವು ಮಾಡಿದ್ದರಲ್ಲಿ ತಪ್ಪೇನಿಲ್ಲ. ಬದಲಾಗಿದ್ದು ಯಂತ್ರ, ಬಗ್ಗೋದೂ ಅದೇ ಬಗ್ಗಲಿ."

ಪಟ್ಟಿ ಬಂತು. ಪಟ್ಟಿಯಕ್ಕ ಅದನ್ನು ಬೆರಳಿಟ್ಟು ಎರಡು ಸಲ ಓದಿದಳು. ಎಪ್ಪತ್ತೇಳು ಗೊಣಗಜ್ಜನ ಹಿಂಡಿನಿಂದ ದೂರ, ನದಿಯಾಚೆಯ ಹಿಂಡಿಗೆ ಹೋಗಿತ್ತು.

ಶನಿವಾರ ಕಚೇರಿ ಮುಂದಿನ ಬಯಲು ತುಂಬ ಟಗರು, ಹಗ್ಗ, ಧೂಳು. ಅಧ್ಯಕ್ಷರು, "ಎಂದಿನಂತೆ ನಮ್ಮ ಪಟ್ಟಿಯಕ್ಕ ಕೂದಲೆಳೆಯಷ್ಟೂ ತಪ್ಪಿಲ್ಲದೆ..." ಎಂದು ಶುರುಮಾಡಿದರು. ಅವಳು ಅಲ್ಲೇ ತಡೆದಳು.

"ತಪ್ಪಾಗಿತ್ತು. ನೂರಾ ಎಂಬತ್ತೊಂದು ಮರಿ ನನ್ನ ಕೈಯಿಂದಲೇ ಅಳಿಸಿಹೋಗಿದ್ವು. ಹುಡುಕಿಕೊಟ್ಟವಳು ನನ್ನ ನಾದಿನಿ. ಅವಳು ಇಲ್ಲದಿದ್ರೆ ಇವತ್ತು ನಾನು ಅಂಟಿಸ್ತಿದ್ದದ್ದು ಸುಳ್ಳು ಪಟ್ಟಿ, ನೀವೂ ಅದನ್ನ ನಂಬಿ ಟಗರು ಹೊಡ್ಕೊಂಡು ಹೋಗ್ತಿದ್ರಿ."

"ಹತ್ತೊಂಬತ್ತು ವರ್ಷಕ್ಕೆ ಒಂದ್ಸಲ ಎಡವಿದ್ದಕ್ಕೆ ಇಷ್ಟುದ್ದ ಭಾಷಣನಾ?" ಎಂದ ಗೊಣಗಜ್ಜ. "ನನಗೆ ಯಾವ ಟಗರು ಹೇಳಮ್ಮ, ಬಿಸಿಲೇರ್ತಿದೆ."

ಎಲ್ಲರೂ ನಕ್ಕರು. ಆದರೆ ಹಿಂದಿನ ಸಾಲಿನಿಂದ ಒಬ್ಬ ಕೈ ಎತ್ತಿದ. "ಅಕ್ಕ, ನನ್ನ ಹಿಂಡಿಗೆ ನೂರಾಹನ್ನೆರಡನೇ ನಂಬರಿನ ಟಗರು ಯಾಕೆ?" ಆಮೇಲೆ ಇನ್ನೊಬ್ಬ. ಹಿಂದೆಂದೂ ಯಾರೂ ಕೇಳದ ಪ್ರಶ್ನೆ. ಪಟ್ಟಿಯಕ್ಕನ ಮುಖ ಒಂದು ಸಲ ಬಿಸಿಯಾಯಿತು. ಕಿಂಡಿ ಪೂರ್ತಿ ತೆರೆದು, ಪರದೆಯನ್ನು ಅವರತ್ತ ತಿರುಗಿಸಿ, ಹಳದಿ ಅಕ್ಷರದಲ್ಲಿ ಒಂದೊಂದು ಟಗರಿನ ಅಜ್ಜನವರೆಗೂ ತೋರಿಸಿದಳು. ಕೊನೆಯವನು ಹೋಗುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು.

ಅಲ್ಲಿಂದ ನೇರ ನಾದಿನಿಯ ಅಂಗಡಿಗೆ ನಡೆದಳು. ಮೂರು ದಿನ ಬೀಗ ಬಿದ್ದಿದ್ದ ಅಂಗಡಿಯಲ್ಲಿ ಮೇಜಿನ ಮೇಲೆ, ಕೆಳಗೆ, ಮೆಟ್ಟಿಲ ಮೇಲೂ ಕೆಟ್ಟ ಯಂತ್ರಗಳು. ನಾದಿನಿ ಒಂದರ ಹೊಟ್ಟೆ ಬಿಚ್ಚಿಕೊಂಡು ಬಗ್ಗಿದ್ದಳು.

"ನೋಡೇ, ನಾನು ಹೇಳಬೇಕು ಅಂತ ಬಂದೆ..."

"ಆಮೇಲೆ ಹೇಳಿ ಅತ್ತಿಗೆ. ಮೊದಲು ಆ ಟಾರ್ಚ್ ಹಿಡ್ಕೊಳ್ಳಿ. ಅಲ್ಲಲ್ಲ, ಇಲ್ಲಿ, ನನ್ನ ಬೆರಳಿನ ಮೇಲೆ."

ಪಟ್ಟಿಯಕ್ಕ ಟಾರ್ಚು ಹಿಡಿದಳು. ಒಂದು ಯಂತ್ರ ಮುಗಿಯಿತು, ಇನ್ನೊಂದು ಬಂತು. ಕೈ ಸೋತರೆ ಇನ್ನೊಂದು ಕೈಗೆ ಬದಲಾಯಿಸಿದಳು. ನಾದಿನಿ ಹೇಳುವ ಮುಂಚೆಯೇ, ಯಾವ ತಿರುಪು ಎಲ್ಲಿಂದ ಬಂತೆಂದು ಗೊತ್ತಾಗುವಂತೆ ಕಾಗದದ ಮೇಲೆ ಸಾಲಾಗಿ ಜೋಡಿಸತೊಡಗಿದಳು. ಆರು ಯಂತ್ರ ಆಗುವಷ್ಟರಲ್ಲಿ ಬೀದಿಯಲ್ಲಿ ಅಂಗಡಿಗಳು ಬಾಗಿಲೆಳೆಯುತ್ತಿದ್ದವು.

"ಏನೋ ಹೇಳ್ಬೇಕು ಅಂದ್ರಲ್ಲ?"

"ನಾಳೆ ಎಷ್ಟೊತ್ತಿಗೆ ಬರ್ಲಿ ಅಂತ."

"ನಾಳೆ ಭಾನುವಾರ ಅತ್ತಿಗೆ."

"ನೀನು ನನಗೆ ಮೂರು ದಿನ ಕೂತೆ. ಇವತ್ತು ಅರ್ಧ ದಿನ ಆಯ್ತು" ಎಂದು ಪಟ್ಟಿಯಕ್ಕ ತಿರುಪುಗಳ ಕಾಗದವನ್ನು ಮಡಿಸಿಟ್ಟು ಚಪ್ಪಲಿ ಮೆಟ್ಟಿದಳು. "ಎರಡೂವರೆ ಬಾಕಿ."