ತಮ್ಮನ ಪಾಲು

ನೋಡಿದವರೆಲ್ಲ ಅತ್ತಿದ್ದಾರೆ ಎಂದು ಸಿನಿಮಾದ ಪೋಸ್ಟರಿನ ಮೇಲೇ ಬರೆದಿತ್ತು. ಅಷ್ಟು ಸಾಲದೆಂದು ಕೌಂಟರಿನ ಹುಡುಗಿ ಪ್ರತಿ ಟಿಕೆಟ್ಟಿನ ಜೊತೆ ಕಣ್ಣೊರೆಸಲು ಒಂದು ಟಿಶ್ಯೂ ಕೊಡುತ್ತಿದ್ದಳು. ಅತ್ತೆ ಕೇಳಿ ಇನ್ನೆರಡು ಇಸಿದುಕೊಂಡು, ಅಲ್ಲೇ ನಿಂತು ಕನ್ನಡಕ ಒರೆಸಿದರು.

ಅತ್ತೆ ಅಂದರೆ ಅಪ್ಪನ ಅಕ್ಕ. ಎಪ್ಪತ್ತೈದು ವರ್ಷ, ಗಣಿತದ ಟೀಚರಾಗಿದ್ದವರು. ಜಗತ್ತಿನಲ್ಲಿ ತಪ್ಪು ಹುಡುಕುವ ಕೆಲಸದಿಂದ ಮಾತ್ರ ಇನ್ನೂ ನಿವೃತ್ತರಾಗಿಲ್ಲ. ಮೂರು ವರ್ಷ ಚಿಕ್ಕವರಾದ ಅಪ್ಪ ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಅತ್ತೆಗೆ ಇವತ್ತಿಗೂ ಅವರು ‘ಪುಟ್ಟ’. ಇಬ್ಬರೂ ಚಿಕ್ಕವರಿದ್ದಾಗ ಯುದ್ಧದಲ್ಲಿ ಅವರ ಊರಿಗೆ ಮುತ್ತಿಗೆ ಬಿದ್ದಿತ್ತು. ಒಂದು ಚಳಿಗಾಲ ಪೂರ್ತಿ ಅಳತೆಯ ಬ್ರೆಡ್ಡಿನಲ್ಲಿ ಬದುಕಿದರು. ಸಿನಿಮಾ ಅಂಥದ್ದೇ ಒಂದು ಊರಿನ ಕಥೆ. ಪಕ್ಕದ ಮನೆಯ ದಂತವೈದ್ಯರು “ನೀವು ನೋಡಲೇಬೇಕು” ಎಂದಿದ್ದೇ ತಡ, ಏನೇನು ತಪ್ಪು ತೋರಿಸಿದ್ದಾರೆ ನೋಡಿಬರೋಣ ಎಂದು ಅತ್ತೆ ಹೊರಟುಬಿಟ್ಟರು.

“ನಂಗೆ ಮಂಡಿನೋವು” ಅಂದರು ಅಪ್ಪ.

“ಸಿನಿಮಾನ ಕೂತ್ಕೊಂಡೇ ನೋಡೋದು” ಅಂದರು ಅತ್ತೆ.

ಅಪ್ಪನ ಕಷ್ಟ ಮಂಡಿಯದಲ್ಲ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಐದು ವರ್ಷದ ಹಿಂದೆ ಹೃದಯದ ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ ಅವರು ನನ್ನ ಕೈ ಹಿಡಿದು ಒಂದು ವಿಷಯ ಹೇಳಿದ್ದರು. ಆ ಚಳಿಗಾಲದಲ್ಲಿ ಅವರಿಗೊಬ್ಬ ತಮ್ಮ ಇದ್ದ, ಇನ್ನೂ ಎರಡು ತುಂಬದ ಪಾಪು. ಪಾಪುವಿನ ಪಾಲಿನ ಬ್ರೆಡ್ಡು ಅವನ ದಿಂಬಿನ ಕೆಳಗಿರುತ್ತಿತ್ತು. ಆರು ವರ್ಷದ ಅಪ್ಪ ನಾಲ್ಕು ದಿನ ಅದನ್ನು ಕದ್ದು ತಿಂದರು. ಐದನೇ ದಿನ ಪಾಪು ಇರಲಿಲ್ಲ. “ನಾನೇ ಕೊಂದೆ” ಅಂದರು, ಲಿಫ್ಟಿನ ಹಗ್ಗ ಸವೆದಿದೆ ಎಂದು ತಿಳಿಸುವ ದನಿಯಲ್ಲಿ. “ಅಕ್ಕಂಗೆ ಮಾತ್ರ ಹೇಳ್ಬೇಡ. ಅವನನ್ನ ಸಾಕಿದ್ದೇ ಅವಳು. ಗೊತ್ತಾದ್ರೆ ನನ್ನ ಮುಖ ನೋಡಲ್ಲ.” ಆಮೇಲೆ ಆಪರೇಷನ್ ಚೆನ್ನಾಗಿಯೇ ಆಯಿತು. ಸಾಯುತ್ತೇನೆಂದು ಗುಟ್ಟು ಬಿಟ್ಟುಕೊಟ್ಟು ಬದುಕಿಬಂದವರು ಒಂದು ವಾರ ನನ್ನ ಮೇಲೆ ಮುನಿಸಿಕೊಂಡಿದ್ದರು.

ಮಧ್ಯಾಹ್ನದ ಆಟ. ಇಬ್ಬರ ನಡುವೆ ಬೇಲಿಯ ಹಾಗೆ ನಾನು ಕೂತೆ. ಹತ್ತು ನಿಮಿಷಕ್ಕೆಲ್ಲ ಸುತ್ತ ಮೂಗು ಸೀಟುವ ಸದ್ದು ಶುರುವಾಯಿತು. ಅತ್ತೆಯ ಬಾಯಿಗೆ ಬಿಡುವಿರಲಿಲ್ಲ.

“ಕೋಟಿಗೆ ಎಲ್ಲ ಗುಂಡಿನೂ ಇದೆ ನೋಡು. ನಾವು ಗುಂಡಿ ಕೊಟ್ಟು ಈರುಳ್ಳಿ ತಗೊಂಡಿದ್ವಿ.” ಸ್ವಲ್ಪ ಹೊತ್ತಿಗೆ, “ಮನೇಲಿ ಇಷ್ಟೊಂದು ಕುರ್ಚಿ ಇನ್ನೂ ಚಳಿಗೆ ಸುಡದೇ ಇಟ್ಕೊಂಡಿದಾರಲ್ಲ, ಯಾರಿಗೆ?”

ಮುಂದಿನ ಸಾಲಿನ ಹೆಂಗಸು ಕೆಂಪು ಕಣ್ಣಿನಲ್ಲಿ ತಿರುಗಿ, “ಸ್ವಲ್ಪ ಸುಮ್ನಿರ್ತೀರಾ? ಅವರ ಕಷ್ಟ ನೋಡಿ ಕರುಳು ಕಿತ್ತು ಬರ್ತಿದೆ” ಅಂದಳು.

“ನಾವೇ ಕಣಮ್ಮ ಅವರು” ಅಂದರು ಅತ್ತೆ. ಆಕೆ ತಿರುಗಿ ಕೂತು ಇನ್ನೂ ಜೋರಾಗಿ ಅತ್ತಳು.

ಅಪ್ಪ ಮಾತ್ರ ಪರದೆ ಬಿಟ್ಟು, ಬಾಗಿಲ ಮೇಲಿನ ಹಸಿರು ದೀಪವನ್ನೇ ನೋಡುತ್ತಿದ್ದರು. ಅವರು ಈ ಕಡೆ ಕಣ್ಣು ತಿರುಗಿಸುವ ಹೊತ್ತಿಗೇ ಆ ದೃಶ್ಯ ಬರಬೇಕೇ? ಪರದೆಯ ಮೇಲೊಬ್ಬ ಹುಡುಗ ಮಲಗಿದ್ದ ತಂಗಿಯ ಜೇಬಿಗೆ ಮೆಲ್ಲಗೆ ಕೈ ಹಾಕಿ ಬ್ರೆಡ್ಡಿನ ತುಂಡು ತೆಗೆದ. ಅಪ್ಪ ಎದ್ದರು. ಇಡೀ ಸಾಲಿನ ಕಾಲು ತುಳಿದುಕೊಂಡು ಹೊರಗೆ ಹೋದರು. ನಾನು ಏಳುವುದರೊಳಗೆ ಅತ್ತೆ ಅವರ ಹಿಂದೆ ಹೊರಟಾಗಿತ್ತು.

ಹೊರಗೆ ಪಾಪ್‌ಕಾರ್ನ್ ಯಂತ್ರದ ಪಕ್ಕದ ಬೆಂಚಿನಲ್ಲಿ ಅಪ್ಪ ಕೂತಿದ್ದರು.

“ಮಂಡಿನಾ?” ಕೇಳಿದರು ಅತ್ತೆ.

“ಪಾಪು ಬ್ರೆಡ್ಡು ನಾನು ತಿಂದೆ ಅಕ್ಕ. ದಿಂಬಿನ ಕೆಳಗಿಂದು. ನಾಲ್ಕು ದಿನ.”

ಅತ್ತೆ ಬೆಂಚಿನ ಆ ತುದಿಯಲ್ಲಿ ಕೂತರು.

“ಗೊತ್ತು” ಅಂದರು. “ಇಟ್ಟಿದ್ದೇ ನಾನು.”

ಅಪ್ಪ ತಲೆಯೆತ್ತಿದರು.

“ಪಾಪು ಆಗ್ಲೇ ಹೋಗ್ಬಿಟ್ಟಿದ್ದ ಕಣೋ. ತಿಂಗಳು ಮುಗಿಯೋಕೆ ನಾಲ್ಕು ದಿನ ಇತ್ತು. ಸತ್ತ ಅಂತ ಹೇಳಿದ್ರೆ ಅವನ ಪಡಿತರ ಚೀಟಿ ಕಿತ್ಕೊಳ್ತಿದ್ರು. ಅಮ್ಮ ಅವನಿಗೆ ಹೊದಿಸಿ ಮಲಗಿಸಿಟ್ರು, ಅವನ ಪಾಲು ಪುಟ್ಟಂಗೆ ಕೊಡು ಅಂದ್ರು. ನಾನು ಕೊಟ್ರೆ ನೀನು ಬಾಯೇ ಬಿಡ್ಲಿಲ್ಲ. ‘ಅದು ಪಾಪುಂದು’ ಅಂತ ಒಂದೇ ಹಟ. ಅದಕ್ಕೇ ದಿಂಬಿನ ಕೆಳಗಿಟ್ಟೆ, ಕದ್ದಾದ್ರೂ ತಿನ್ಲಿ ಅಂತ.”

“ಮಲಗಿದಾನೆ ಅಂದಿದ್ದೆ ನೀನು.”

“ಆರು ವರ್ಷದವನಿಗೆ ಮತ್ತೇನು ಹೇಳ್ಲಿ?”

“ಆಮೇಲೆ ಹೇಳ್ಬಹುದಿತ್ತು. ಅರವತ್ತಾರು ವರ್ಷ ಇತ್ತು.”

“ಹೆಣದ ಪಕ್ಕ ಮಲಗಿದ್ದೆ ಅಂತ ನಿಂಗೆ ಗೊತ್ತಾಗೋದು ಬೇಡ ಅಂತ ಸುಮ್ನಿದ್ದೆ. ನೀನಾದ್ರೂ ಕೇಳ್ಬಹುದಿತ್ತು.”

ಇಬ್ಬರನ್ನೂ ಹಿಡಿದು ತಲೆಗೆ ತಲೆ ಡಿಕ್ಕಿ ಹೊಡೆಸುವಷ್ಟು ಸಿಟ್ಟು ಬಂತು ನನಗೆ. ಒಬ್ಬರಿಗೊಬ್ಬರು ನೋವಾಗದಿರಲಿ ಎಂದು ಒಂದು ಆಯಸ್ಸನ್ನೇ ಹಾಳುಮಾಡಿಕೊಂಡಿದ್ದರು. ಅಪ್ಪ ಮುಖದ ಮೇಲೆ ಅಂಗೈ ಆಡಿಸಿಕೊಂಡರು, ನಿಟ್ಟುಸಿರು ಬಿಟ್ಟರು. ಅವರ ಭುಜ ಇಳಿದದ್ದು ನನಗೆ ಕಾಣಿಸಿತು. ಇನ್ನು ಮನೆಗೆ ಹೋಗಬಹುದು ಅಂದುಕೊಂಡೆ. ಅತ್ತೆ ಏಳಲಿಲ್ಲ.

“ಕೊನೇ ದಿನ ನೀನು ಅರ್ಧ ಬಿಟ್ಟಿದ್ದೆ” ಅಂದರು.

“ಹೂಂ. ಪಾಪುಗೆ ಅಂತ. ಬೆಳಗ್ಗೆ ನೋಡಿದ್ರೆ ಬ್ರೆಡ್ಡೂ ಇರ್ಲಿಲ್ಲ, ಪಾಪುನೂ ಇರ್ಲಿಲ್ಲ. ಸದ್ಯ, ಅಷ್ಟಾದ್ರೂ ತಿಂದ್ಕೊಂಡು ಹೋದ ಅಂತ...” ಅಪ್ಪ ಮಾತು ನಿಲ್ಲಿಸಿದರು.

“ನಾನು ತಿಂದೆ” ಅಂದರು ಅತ್ತೆ. “ಅಮ್ಮ ನಿನಗೆ ಅಂತ ಹೇಳಿದ್ದು. ನೀನು ಮಲಗಿದ್ದೆ. ನಾನು ತಿಂದ್ಬಿಟ್ಟೆ.”

ಒಳಗಿನಿಂದ ಬಾಂಬುಗಳ ಸದ್ದು ಬರುತ್ತಿತ್ತು. ಅಪ್ಪ ಬೆಂಚಿನ ಮೇಲೆ ಸರಿದು ಸರಿದು ಅಕ್ಕನ ಪಕ್ಕಕ್ಕೆ ಬಂದರು.

“ಚೆನ್ನಾಗಿತ್ತಾ ಅಕ್ಕ?”

“ತುಂಬ ಚೆನ್ನಾಗಿತ್ತು ಕಣೋ” ಎಂದ ಅತ್ತೆ ಒಂಬತ್ತು ವರ್ಷದ ಹುಡುಗಿಯ ಹಾಗೆ ಬಾಯಿ ತೆರೆದು ಅಳತೊಡಗಿದರು.